ಶಸ್ತ್ರಚಿಕಿತ್ಸೆಗೆ ಮುಂಚೆ ವೃದ್ಧರ ಬಲಾಬಲ ವಿಚಾರ

 

ಮಠದ ಉತ್ಸವಕಾಲದಲ್ಲಿ ದಾಸೋಹದ ಪಂಕ್ತಿ ಮುಗಿದು ಜನರು ಮೇಲೇಳುವ ಸಮಯವನ್ನು ಗಮನಿಸಿದವರಿಗೆ ಒಂದು ನೋಟವು ಪರಿಚಿತವಾಗಿಯೇ ಇರುವುದು. ಎಪ್ಪತ್ತೈದು ದಾಟಿದ ಹಿರಿಯರೊಬ್ಬರು ಕೈಯನ್ನು ನೆಲಕ್ಕೂರದೆ ಎದ್ದು, ತಮ್ಮ ಎಲೆಯನ್ನು ತಾವೇ ಎತ್ತಿಕೊಂಡು ನಡೆಯುತ್ತಾರೆ. ಅವರಿಗಿಂತ ಐದು ವರ್ಷ ಚಿಕ್ಕವರಾದ ಮತ್ತೊಬ್ಬರು ಒಂದು ಕೈಯನ್ನು ನೆಲಕ್ಕೂ ಇನ್ನೊಂದನ್ನು ಮೊಮ್ಮಗನ ಹೆಗಲಿಗೂ ಕೊಟ್ಟು, ಎರಡು ಸಲ ಪ್ರಯತ್ನಿಸಿ ಮೂರನೆಯ ಸಲಕ್ಕೆ ಏಳುತ್ತಾರೆ. ಎದ್ದ ಮೇಲೂ ಕಂಬವನ್ನು ಹಿಡಿದು ಅರೆಗಳಿಗೆ ನಿಲ್ಲುತ್ತಾರೆ. ಜಾತಕದ ಲೆಕ್ಕದಲ್ಲಿ ಮೊದಲನೆಯವರು ಹಿರಿಯರು. ದೇಹದ ಲೆಕ್ಕದಲ್ಲಿ ಎರಡನೆಯವರು ಹಿರಿಯರು. ಈ ಎರಡು ಲೆಕ್ಕಗಳ ನಡುವಣ ಅಂತರವು ಪಂಕ್ತಿಯಲ್ಲಿ ಯಾರಿಗೂ ಕೇಡನ್ನುಂಟುಮಾಡದು. ಆದರೆ ಇವರಿಬ್ಬರೂ ನಾಳೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಬೇಕಾಗಿ ಬಂದರೆ, ಆ ಅಂತರವು ಒಬ್ಬರನ್ನು ಹತ್ತು ದಿನಗಳಲ್ಲಿ ಮನೆಗೆ ಕಳುಹಿಸಬಹುದು, ಇನ್ನೊಬ್ಬರನ್ನು ಮತ್ತೆಂದೂ ಮೊದಲಿನಂತೆ ಏಳದವರನ್ನಾಗಿ ಮಾಡಬಹುದು.

ವೃದ್ಧರಿಗೆ ಶಸ್ತ್ರಚಿಕಿತ್ಸೆಯ ಪ್ರಸ್ತಾಪ ಬಂದಾಗ ಮನೆಗಳಲ್ಲಿ ಏಳುವ ಮೊದಲನೆಯ ಪ್ರಶ್ನೆಯು ಸಾಮಾನ್ಯವಾಗಿ, "ಈ ವಯಸ್ಸಿನಲ್ಲಿ ಇದು ಬೇಕೇ?" ಎಂಬುದಾಗಿರುತ್ತದೆ. ಪ್ರಶ್ನೆಯು ಪ್ರೀತಿಯಿಂದಲೇ ಹುಟ್ಟತಕ್ಕದ್ದು. ಆದರೆ ಅದು ಸರಿಯಾದ ಪ್ರಶ್ನೆಯಲ್ಲ. ಇದನ್ನು ತೋರಿಸಲು ಈ ನಾಡಿನ ಸಕಲರೂ ಬಲ್ಲ ಒಂದು ಉದಾಹರಣೆಯುಂಟು.

ತುಮಕೂರಿನ ಸಿದ್ಧಗಂಗಾ ಮಠಾಧ್ಯಕ್ಷರಾಗಿದ್ದ ಪರಮಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳವರು 1907ನೆಯ ಇಸವಿ ಏಪ್ರಿಲ್ 1ರಂದು ಜನಿಸಿದವರು. 2018ರಲ್ಲಿ ಪಿತ್ತನಾಳದ ತೊಂದರೆಯು ಅವರನ್ನು ಬಾಧಿಸಿದಾಗ ಬೆಂಗಳೂರಿನ ಪಶ್ಚಿಮದಲ್ಲಿರುವ ಕೆಂಗೇರಿಯ ಬಿ.ಜಿ.ಎಸ್. ಆಸ್ಪತ್ರೆಯಲ್ಲಿ ಅವರಿಗೆ ಚಿಕಿತ್ಸೆಯು ನಡೆಯಿತು. ಅದೇ ವರ್ಷ ಡಿಸೆಂಬರ್ ತಿಂಗಳಿನಲ್ಲಿ ಅವರನ್ನು ವಿಮಾನದಲ್ಲಿ ಚೆನ್ನೈ ನಗರಕ್ಕೆ ಕರೆದೊಯ್ದು, ಅಲ್ಲಿ ಡಾಕ್ಟರ್ ಮೊಹಮ್ಮದ್ ರೇಲಾ ಅವರ ಸಂಸ್ಥೆಯಲ್ಲಿ ಶಸ್ತ್ರಚಿಕಿತ್ಸೆಯನ್ನು ಮಾಡಲಾಯಿತು. ಆಗ ಅವರಿಗೆ 111 ವರ್ಷ. ಶಸ್ತ್ರಚಿಕಿತ್ಸೆಯನ್ನು ದಾಟಿ ಅವರು ಮಠಕ್ಕೆ ಹಿಂದಿರುಗಿದರು. ಅನಂತರ ಶ್ವಾಸಕೋಶದ ಸೋಂಕು ತಲೆದೋರಿ 2019ನೆಯ ಜನವರಿ 21ರಂದು ಲಿಂಗೈಕ್ಯರಾದರು.

ಆ ಮಹಾಪುರುಷರ ಅಂತಿಮ ದಿನಗಳನ್ನು ತೂಗಿ ನೋಡುವುದು ಇಲ್ಲಿನ ಉದ್ದೇಶವಲ್ಲ. ಆದರೆ ಅದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಬರಿಯ ವಯಸ್ಸನ್ನು ನೋಡಿ ಶಸ್ತ್ರವನ್ನು ಕೆಳಗಿಡಬೇಕೆಂಬ ನಿಯಮವು ವೈದ್ಯಶಾಸ್ತ್ರದಲ್ಲಿಲ್ಲವೆಂಬುದು ಒಂದು. ಶಸ್ತ್ರಕ್ರಿಯೆಯು ಕೈಗೂಡಿದ ಮಾತ್ರಕ್ಕೆ ವೃದ್ಧ ದೇಹದ ಪರೀಕ್ಷೆಯು ಮುಗಿಯುವುದಿಲ್ಲ, ಆ ಮೇಲಿನ ವಾರಗಳೂ ಆ ಪರೀಕ್ಷೆಯ ಭಾಗವೇ ಆಗಿರುತ್ತವೆ ಎಂಬುದು ಇನ್ನೊಂದು. ಹಾಗಾದರೆ ವಯಸ್ಸಿಗೆ ಬದಲಾಗಿ ಅಳೆಯಬೇಕಾದುದು ಯಾವುದು?

ಈ ಪ್ರಶ್ನೆಯು ಹೊಸದಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ರೋಗಿಯ ಬಲವನ್ನು ತಿಳಿಯಲು ಹತ್ತು ಬಗೆಯ ಪರೀಕ್ಷೆಯನ್ನು ವಿಧಿಸಲಾಗಿದೆ. ಪ್ರಕೃತಿ, ವಿಕೃತಿ, ಸಾರ, ಸಂಹನನ, ಪ್ರಮಾಣ, ಸಾತ್ಮ್ಯ, ಸತ್ವ, ಆಹಾರಶಕ್ತಿ, ವ್ಯಾಯಾಮಶಕ್ತಿ, ವಯಸ್ಸು ಎಂಬಿವೇ ಆ ಹತ್ತು. ವಯಸ್ಸು ಇವುಗಳಲ್ಲಿ ಒಂದು ಮಾತ್ರವೆಂಬುದನ್ನೂ, ಉಣ್ಣುವ ಶಕ್ತಿ, ದುಡಿಯುವ ಶಕ್ತಿ, ಮನಸ್ಸಿನ ಬಲ ಇವು ಬೇರೆಬೇರೆಯಾಗಿ ಎಣಿಸಲ್ಪಟ್ಟಿವೆಯೆಂಬುದನ್ನೂ ಗಮನಿಸಬೇಕು. ಆಧುನಿಕ ವೈದ್ಯರು ಇಂದು ಬೇರೆ ದಾರಿಯಿಂದ ಬಂದು ಇದೇ ಬಗೆಯ ವಿಚಾರವನ್ನು ಮುಟ್ಟಿರುವರು.

ಮೊದಲು ಮೈಯ ವಿಚಾರ. ಆರೋಗ್ಯವಂತನಾದ ಮನುಷ್ಯನ ಹೃದಯ, ಶ್ವಾಸಕೋಶ, ಮೂತ್ರಪಿಂಡ, ಸ್ನಾಯುಗಳಿಗೆ ದಿನನಿತ್ಯದ ವ್ಯವಹಾರಕ್ಕೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚಿನ ಶಕ್ತಿಯಿರುವುದು. ಇದು ಗೃಹಸ್ಥನ ಇಡುಗಂಟಿನಂತೆ. ನಿತ್ಯದ ಖರ್ಚಿಗೆ ಅದನ್ನು ಮುಟ್ಟಬೇಕಾಗಿಲ್ಲ. ಬರಗಾಲ ಬಂದಾಗ ಮಾತ್ರ ಗಂಟು ಬಿಚ್ಚಬೇಕಾಗುತ್ತದೆ. ಶಸ್ತ್ರಚಿಕಿತ್ಸೆಯು ದೇಹಕ್ಕೆ ಅಂಥ ಒಂದು ಬರಗಾಲ. ಗಂಟು ಕರಗಿಹೋದ ದೇಹವು ಹೊರಗಿನಿಂದ ನೋಡುವವರಿಗೆ ಚೆನ್ನಾಗಿಯೇ ಕಾಣಬಹುದು. ಒಂದು ಜ್ವರ, ಒಂದು ಬೀಳು, ಒಂದು ಕೊಯ್ತ ಬಂದಾಗ ಅದು ಒಮ್ಮೆಲೇ ಕುಸಿಯುವುದು. ಈ ಸ್ಥಿತಿಯನ್ನು ವೈದ್ಯರು ಫ್ರೇಲ್ಟಿ ಎಂದು ಕರೆಯುತ್ತಾರೆ; ಕನ್ನಡದಲ್ಲಿ ಶೈಥಿಲ್ಯವೆನ್ನಬಹುದು.

ಇದನ್ನು ಕಂಡುಹಿಡಿಯುವುದು ಹೇಗೆ? ಅಮೆರಿಕ ದೇಶದ ಲಿಂಡಾ ಫ್ರೀಡ್ ಎಂಬ ವೈದ್ಯೆಯೂ ಅವರ ಸಂಗಡಿಗರೂ 65 ವರ್ಷ ದಾಟಿದ ಐದು ಸಾವಿರಕ್ಕೂ ಮಿಕ್ಕ ಜನರನ್ನು ಪರಿಶೀಲಿಸಿ, 2001ರಲ್ಲಿ ಐದು ಲಕ್ಷಣಗಳನ್ನು ಗುರುತಿಸಿದರು. ಒಂದು ವರ್ಷದೊಳಗೆ, ಬಯಸದೆಯೇ ಸುಮಾರು ನಾಲ್ಕೂವರೆ ಕಿಲೋ ತೂಕ ಇಳಿಯುವುದು, ಸದಾ ಆಯಾಸ, ಕೈಯ ಹಿಡಿತದ ಬಲ ಕುಂದುವುದು, ನಡಿಗೆ ನಿಧಾನವಾಗುವುದು, ದಿನದ ಓಡಾಟ ಕಡಿಮೆಯಾಗುವುದು. ಇವುಗಳಲ್ಲಿ ಮೂರು ಇದ್ದರೆ ಶೈಥಿಲ್ಯ. ಒಂದೆರಡು ಇದ್ದರೆ ಅದರ ಹೊಸ್ತಿಲು. ಕೆನಡಾ ದೇಶದ ಕೆನೆತ್ ರಾಕ್‌ವುಡ್ ಎಂಬವರು 2005ರಲ್ಲಿ ಇನ್ನೊಂದು ಅಳತೆಯನ್ನು ಪ್ರಕಟಿಸಿದರು. ಇದರಲ್ಲಿ ಯಂತ್ರವೇ ಬೇಡ. ಎರಡು ವಾರಗಳ ಹಿಂದೆ ಈ ಹಿರಿಯರು ಏನೇನನ್ನು ತಾವಾಗಿ ಮಾಡಿಕೊಳ್ಳುತ್ತಿದ್ದರು ಎಂದು ವಿಚಾರಿಸಿ ಮೆಟ್ಟಿಲುಮೆಟ್ಟಿಲಾಗಿ ನಿರ್ಣಯಿಸುವ ಕ್ರಮವದು. ಮೊದಲು ಏಳು ಮೆಟ್ಟಿಲುಗಳಿದ್ದು ಮುಂದೆ ಒಂಬತ್ತಕ್ಕೆ ಏರಿದವು. ಇನ್ನೂ ಸರಳವಾದುದು ಕುರ್ಚಿಯ ಪರೀಕ್ಷೆ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳಬೇಕು. 12 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಆ ಹಿರಿಯರು ಬೀಳುವ ಸಂಭವವುಂಟೆಂದು ಎಚ್ಚರಗೊಳ್ಳಬೇಕು.

ಈ ಅಳತೆಗಳು ಶಸ್ತ್ರಚಿಕಿತ್ಸೆಯ ಫಲವನ್ನು ಮುಂದಾಗಿ ತಿಳಿಸಬಲ್ಲವೇ? ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 65 ದಾಟಿದ 594 ಮಂದಿಯನ್ನು ಶಸ್ತ್ರಚಿಕಿತ್ಸೆಗೆ ಮುಂಚೆ ಈ ಐದು ಲಕ್ಷಣಗಳಿಂದ ಪರೀಕ್ಷಿಸಿ 2010ರಲ್ಲಿ ಫಲವನ್ನು ಪ್ರಕಟಿಸಿದರು. ಶೈಥಿಲ್ಯವಿದ್ದವರಲ್ಲಿ ಚಿಕಿತ್ಸೋತ್ತರ ತೊಡಕುಗಳ ಸಂಭವವು ಉಳಿದವರದಕ್ಕಿಂತ ಸುಮಾರು ಎರಡೂವರೆ ಪಟ್ಟು ಇದ್ದಿತು. ಸ್ವಂತ ಮನೆಗೆ ಹಿಂದಿರುಗಲಾರದೆ ಪರರ ಆರೈಕೆಯ ಗೃಹಗಳಿಗೆ ಹೋಗಬೇಕಾದ ಸಂಭವವೂ ಅವರಲ್ಲಿ ಬಹಳ ಹೆಚ್ಚಾಗಿತ್ತು. ರಕ್ತಪರೀಕ್ಷೆ, ಎಕ್ಸ್‌ರೇ, ಹೃದಯದ ಇ.ಸಿ.ಜಿ. ಇವು ಹೇಳದೆ ಉಳಿದ ಮಾತನ್ನು ಈ ಐದು ಸರಳ ಲಕ್ಷಣಗಳು ಹೇಳಿದವೆಂದು ಇದರ ತಾತ್ಪರ್ಯ.

ಇನ್ನು ಮನಸ್ಸಿನ ವಿಚಾರ. ಇದು ಮೈಯ ವಿಚಾರಕ್ಕಿಂತ ಸೂಕ್ಷ್ಮವಾದುದು. ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಬಸವೇಶ್ವರನಗರದ ಯಾವುದೋ ಅಡ್ಡರಸ್ತೆಯಲ್ಲಿ ಎಪ್ಪತ್ತೆಂಟು ವರ್ಷದ ಅಜ್ಜಿ. ಮಂಡಿನೋವು ತಾಳಲಾರದೆ ಮಂಡಿ ಬದಲಾಯಿಸುವ ಶಸ್ತ್ರಚಿಕಿತ್ಸೆಗೆ ಒಪ್ಪಿರುವರು. ಸಕ್ಕರೆ, ರಕ್ತದೊತ್ತಡ, ಹೃದಯ, ಎಲ್ಲವನ್ನೂ ಪರೀಕ್ಷಿಸಿದ್ದಾಯಿತು, ಎಲ್ಲವೂ ಸರಿಯಾಗಿದೆ. ಶಸ್ತ್ರಚಿಕಿತ್ಸೆಯೂ ಸುಸೂತ್ರವಾಗಿ ನೆರವೇರಿತು. ಎರಡನೆಯ ರಾತ್ರಿ ಅಜ್ಜಿ ಎದ್ದು ಕುಳಿತು, ತೀರಿಹೋಗಿ ಹತ್ತು ವರ್ಷವಾದ ಯಜಮಾನರನ್ನು ಕೂಗುತ್ತಾರೆ. ಕೈಗೆ ಹಾಕಿದ ಡ್ರಿಪ್ಪಿನ ನಳಿಕೆಯನ್ನು ಕಿತ್ತೆಸೆಯುತ್ತಾರೆ. ಹೆತ್ತ ಮಗನನ್ನೇ "ನೀವು ಯಾರಪ್ಪ, ನನ್ನನ್ನು ಮನೆಗೆ ಬಿಡಿ" ಎಂದು ಬೇಡಿಕೊಳ್ಳುತ್ತಾರೆ. ಬಂಧುಗಳಲ್ಲಿ ಒಬ್ಬರು ಅರಿವಳಿಕೆಯ ಮದ್ದು ಹೆಚ್ಚಾಯಿತೆನ್ನುತ್ತಾರೆ; ಇನ್ನೊಬ್ಬರು ಗಾಳಿ ಸೋಕಿತೆನ್ನುತ್ತಾರೆ; ಮೂರನೆಯವರು ಅರುವತ್ತಕ್ಕೆ ಅರಳುಮರಳು, ಇದೆಲ್ಲ ಇದ್ದದ್ದೇ ಎಂದು ಸುಮ್ಮನಾಗುತ್ತಾರೆ.

ಮೂವರೂ ಪೂರ್ತಿಯಾಗಿ ಸರಿಯಲ್ಲ. ಇದು ಸನ್ನಿ, ವೈದ್ಯರ ಮಾತಿನಲ್ಲಿ ಡೆಲಿರಿಯಂ. ಕೆಲವು ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ತಟ್ಟನೆ ಬಂದು, ಹಗಲು ಇಳಿದು ರಾತ್ರಿ ಏರುವುದು ಇದರ ಲಕ್ಷಣ. ಕೂಗಾಡುವ ಸನ್ನಿಯನ್ನು ಎಲ್ಲರೂ ಕಾಣುತ್ತಾರೆ. ಮಾತಿಲ್ಲದೆ, ಉಣ್ಣದೆ, ಗೋಡೆಯ ಕಡೆಗೆ ತಿರುಗಿ ಮಲಗುವ ಮೌನಸನ್ನಿಯೂ ಉಂಟು. "ಪಾಪ, ದಣಿದಿದ್ದಾರೆ" ಎಂದು ಅದನ್ನು ಯಾರೂ ಗಮನಿಸುವುದಿಲ್ಲ. ಅರಿವಳಿಕೆಯೊಂದೇ ಇದಕ್ಕೆ ಕಾರಣವಲ್ಲ. ನೋವು, ನಿದ್ರೆಗೆಡುವುದು, ನೀರು ಸಾಲದಿರುವುದು, ಸೋಂಕು, ಮಲಬದ್ಧತೆ, ಕೆಲವು ಔಷಧಗಳು, ಕನ್ನಡಕವನ್ನೂ ಕಿವಿಯ ಯಂತ್ರವನ್ನೂ ತೆಗೆದಿಟ್ಟು ಹೊಸ ಕೋಣೆಯಲ್ಲಿ ಒಂಟಿಯಾಗಿ ಮಲಗಿಸುವುದು, ಇವೆಲ್ಲವೂ ಕೂಡಿ ಸನ್ನಿಯನ್ನು ತರುತ್ತವೆ. ಆದರೆ ಬೀಜ ಬಿತ್ತಲು ನೆಲ ಬೇಕಷ್ಟೆ. ಆ ನೆಲವು ಬಹುಮಟ್ಟಿಗೆ ಮೊದಲೇ ಇದ್ದ ಅರಿವಿನ ಕುಂದು.

ಮೇಲೆ ಹೇಳಿದ ಮನೆಯಲ್ಲಿ ಸೊಸೆಗೆ ಒಂದು ಸಂಗತಿ ತಿಳಿದಿತ್ತು. ಆರು ತಿಂಗಳಿಂದ ಅತ್ತೆಯವರು ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದರು. ಪಿಂಚಣಿಯ ಪುಸ್ತಕವನ್ನು ಅಕ್ಕಿಡಬ್ಬದಲ್ಲಿಟ್ಟು ಮನೆಯನ್ನೆಲ್ಲ ಹುಡುಕಿಸಿದ್ದರು. ಮೂವತ್ತು ವರ್ಷ ಓಡಾಡಿದ ಬೀದಿಯಲ್ಲಿ ಒಂದು ದಿನ ದಾರಿ ತಪ್ಪಿದ್ದರು. ಆಸ್ಪತ್ರೆಯಲ್ಲಿ ಅದನ್ನು ಯಾರೂ ಕೇಳಲಿಲ್ಲ. ಹಿರಿಯರ ಕುಂದನ್ನು ಪರರೆದುರಿಗೆ ಆಡುವುದು ಮರ್ಯಾದೆಯಲ್ಲವೆಂದು ಅವಳೂ ಹೇಳಲಿಲ್ಲ. ಅಡಿಗೆಮನೆಯಲ್ಲಿದ್ದ ಜ್ಞಾನವು ಶಸ್ತ್ರಶಾಲೆಗೆ ಮುಟ್ಟದೆ ಹೋಯಿತು. ಈ ಒಂದು ವಾಕ್ಯದಲ್ಲಿ ಈ ಉಪನ್ಯಾಸದ ಸಾರವಡಗಿದೆ.

ಶಸ್ತ್ರಚಿಕಿತ್ಸೆಯ ತರುವಾಯ ವೃದ್ಧರ ಅರಿವು ಕುಂದುವುದನ್ನು ವೈದ್ಯರು ಬಹುಕಾಲದಿಂದ ಬಲ್ಲರು. 1955ರಲ್ಲಿ ಇಂಗ್ಲೆಂಡಿನ ಬೆಡ್‌ಫೋರ್ಡ್ ಎಂಬ ವೈದ್ಯರು ಅರಿವಳಿಕೆ ಪಡೆದ ವೃದ್ಧರನ್ನು ಕುರಿತು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದು, ಅತ್ಯಗತ್ಯವಲ್ಲದ ಶಸ್ತ್ರಚಿಕಿತ್ಸೆಯನ್ನು ವೃದ್ಧರಿಗೆ ಮಾಡಬಾರದೆಂದು ಎಚ್ಚರಿಸಿದರು. 1998ರಲ್ಲಿ ಅದೇ ಪತ್ರಿಕೆಯಲ್ಲಿ ಹಲವು ದೇಶಗಳ ವೈದ್ಯರು ಕೂಡಿ, 60 ವರ್ಷ ತುಂಬಿದ 1,218 ಮಂದಿಯನ್ನು ಪರೀಕ್ಷಿಸಿದ ಫಲವನ್ನು ಪ್ರಕಟಿಸಿದರು. ದೊಡ್ಡ ಶಸ್ತ್ರಚಿಕಿತ್ಸೆಯಾದ ಒಂದು ವಾರಕ್ಕೆ ನೂರಕ್ಕೆ 25.8 ಮಂದಿಯಲ್ಲಿ, ಮೂರು ತಿಂಗಳಾದ ಮೇಲೂ ನೂರಕ್ಕೆ 9.9 ಮಂದಿಯಲ್ಲಿ, ಅರಿವಿನ ಕುಂದು ಕಂಡುಬಂದಿತು. ಇದು ಭಾರತದಲ್ಲಿಯೂ ಚಿಕ್ಕ ವಿಷಯವಲ್ಲ. 2011ರ ಜನಗಣತಿಯಂತೆ ದೇಶದಲ್ಲಿ 60 ದಾಟಿದವರು ಸುಮಾರು 10.4 ಕೋಟಿ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವೊಂದು, 60 ದಾಟಿದ ಭಾರತೀಯರಲ್ಲಿ ನೂರಕ್ಕೆ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇರುವುದೆಂದು ಅಂದಾಜು ಮಾಡಿತು. ಇವರಿಗೂ ಕಣ್ಣಿನ ಪೊರೆ ಬರುವುದು, ಅಂಡವಾಯು ಬರುವುದು, ತೊಡೆಯ ಮೂಳೆ ಮುರಿಯುವುದು.

ಮನಸ್ಸನ್ನು ಪರೀಕ್ಷಿಸಲು ಬೇಕಾದುದು ಮೂರು ನಿಮಿಷ. ಅಮೆರಿಕದ ಸೂ ಬೋರ್ಸನ್ ಎಂಬ ವೈದ್ಯೆಯೂ ಸಂಗಡಿಗರೂ 2000ದಲ್ಲಿ ಪ್ರಕಟಿಸಿದ ಮಿನಿ-ಕಾಗ್ ಎಂಬ ಪರೀಕ್ಷೆಯಲ್ಲಿ ಮೂರು ಸರಳ ಪದಗಳನ್ನು ಹೇಳಿಸಿ, ನಡುವೆ ಒಂದು ಗಡಿಯಾರದ ಚಿತ್ರವನ್ನು ಬರೆಯಿಸಿ, ಆ ಮೇಲೆ ಅದೇ ಮೂರು ಪದಗಳನ್ನು ಮರಳಿ ಕೇಳುತ್ತಾರೆ. ಐದು ಅಂಕಗಳಲ್ಲಿ ಮೂರಕ್ಕಿಂತ ಕಡಿಮೆ ಬಂದರೆ ಮುಂದಿನ ವಿಚಾರಣೆ ಬೇಕು. ಇದು ರೋಗನಿರ್ಣಯವಲ್ಲ, ಬಾಗಿಲು ತಟ್ಟಿ ನೋಡುವುದು ಮಾತ್ರ.

ಆದರೆ ಇಲ್ಲಿ ಕನ್ನಡನಾಡಿಗೆ ಸಲ್ಲುವ ಒಂದು ಮಾತನ್ನು ಹೇಳಲೇಬೇಕು. ಶಾಲೆಯ ಮುಖ ಕಾಣದ ಅಜ್ಜಿಯ ಕೈಗೆ ಪೆನ್ಸಿಲನ್ನು ಕೊಟ್ಟು ಗಡಿಯಾರ ಬರೆಯಿರೆಂದರೆ, ಬರೆಯಲಾರದಿರುವುದು ಅರಿವಿನ ಕುಂದಿನಿಂದಲ್ಲ, ಪೆನ್ಸಿಲಿನ ಹೊಸತನದಿಂದ. 1975ರಲ್ಲಿ ಫೋಲ್‌ಸ್ಟೈನ್ ಎಂಬವರು ರಚಿಸಿದ ಪ್ರಸಿದ್ಧ ಪರೀಕ್ಷೆಯಲ್ಲಿ ಓದುವುದೂ ಬರೆಯುವುದೂ ಇದ್ದವು. ಹರಿಯಾಣದ ಬಲ್ಲಭಗಢದ ಹಳ್ಳಿಗರಿಗಾಗಿ ಅದನ್ನು ಹಿಂದಿಗೆ ತಂದು 1995ರಲ್ಲಿ ಪ್ರಕಟಿಸಿದವರು, ಬರೆದ ಆಜ್ಞೆಯನ್ನು ಓದಿಸುವುದಕ್ಕೆ ಬದಲು ಪರೀಕ್ಷಕನು ಮಾಡಿದಂತೆ ಮಾಡಿರೆಂದು ಹೇಳುವ ಕ್ರಮವನ್ನೂ, ವಾಕ್ಯ ಬರೆಸುವುದಕ್ಕೆ ಬದಲು ತಮ್ಮ ಮನೆಯ ವಿಷಯವಾಗಿ ಏನಾದರೂ ಹೇಳಿರೆಂಬ ಕ್ರಮವನ್ನೂ ಅನುಸರಿಸಿದರು. ಕನ್ನಡದಲ್ಲಿಯೂ ಈ ಕೆಲಸ ನಡೆದಿರುವುದು ಸಂತೋಷದ ಸಂಗತಿ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಹಿಂದಿ, ಬಂಗಾಳಿ, ತೆಲುಗು, ಮಲಯಾಳಗಳೊಡನೆ ಕನ್ನಡದಲ್ಲಿಯೂ ಅರಿವಿನ ಪರೀಕ್ಷಾಮಾಲೆಯನ್ನು ಸಿದ್ಧಪಡಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಇದರಲ್ಲಿ ಭಾಗಿಗಳು. ಆದುದರಿಂದ ಕನ್ನಡ ಮಾತನಾಡುವ ವೃದ್ಧರನ್ನು ಇಂಗ್ಲಿಷಿನಲ್ಲಿಯೋ ಅರೆಬರೆ ಹಿಂದಿಯಲ್ಲಿಯೋ ಪ್ರಶ್ನಿಸಿ, ಉತ್ತರ ಬಾರದಿದ್ದಾಗ ಮರೆವೆಂದು ಬರೆದುಕೊಳ್ಳುವುದಕ್ಕೆ ಇನ್ನು ಕಾರಣವಿಲ್ಲ. ಕಿವಿ ಕೇಳಿಸದವರಿಗೆ ಗಟ್ಟಿಯಾಗಿ, ಎದುರು ಕುಳಿತು, ಅವರ ಭಾಷೆಯಲ್ಲಿಯೇ ಕೇಳಬೇಕು. ಕನ್ನಡಕವಿದ್ದವರಿಗೆ ಅದನ್ನು ಕೊಟ್ಟು ಕೇಳಬೇಕು.

ಕೇಳುವ ರೀತಿಯೂ ಮುಖ್ಯ. ಸಂಸಾರವನ್ನು ನಡೆಯಿಸಿ, ನಾಲ್ಕು ಜನರಿಗೆ ಬುದ್ಧಿ ಹೇಳಿದ ಹಿರಿಯರನ್ನು ತಟ್ಟನೆ "ಇವತ್ತು ಯಾವ ವಾರ?" ಎಂದು ಮಗುವನ್ನು ಕೇಳಿದಂತೆ ಕೇಳಿದರೆ ಅವರಿಗೆ ನೋವಾಗುವುದು ಸಹಜ. "ಅಜ್ಜಾ, ತಮ್ಮ ವಯಸ್ಸಿನವರೆಲ್ಲರನ್ನೂ ಹೀಗೆಯೇ ಕೇಳುತ್ತೇವೆ, ಎದೆಯ ಬಡಿತ ನೋಡಿದಂತೆ ಇದೂ ಒಂದು" ಎಂದು ಮೊದಲು ಹೇಳಿ ಕೇಳಿದರೆ ಬಹಳ ಮಂದಿ ನಗುತ್ತಲೇ ಉತ್ತರ ಕೊಡುವರು. ಮಕ್ಕಳು ಪಕ್ಕದಲ್ಲಿ ಕುಳಿತು ಉತ್ತರವನ್ನು ಪಿಸುಗುಟ್ಟಬಾರದು, ತಪ್ಪಿದಾಗ ನಗಬಾರದು.

ಪರೀಕ್ಷೆಯಿಂದ ಕುಂದು ಕಂಡುಬಂದರೆ ಶಸ್ತ್ರಚಿಕಿತ್ಸೆಯನ್ನು ನಿರಾಕರಿಸುವರೇ ಎಂಬ ಭಯವು ಅನೇಕರಲ್ಲಿದೆ. ಕೆಲವೊಮ್ಮೆ ಬೇಡವೆಂಬ ನಿರ್ಣಯವೇ ಹಿತವಾಗಿರಬಹುದು. ನೋವಿಗೆ ಬೇರೆ ಉಪಾಯಗಳಿರಬಹುದು. ಆದರೆ ಪರೀಕ್ಷೆಯ ಮುಖ್ಯ ಪ್ರಯೋಜನವು ಬಾಗಿಲು ಮುಚ್ಚುವುದರಲ್ಲಿಲ್ಲ. ಪ್ರಯಾಣಕ್ಕೆ ಬುತ್ತಿ ಕಟ್ಟುವುದರಲ್ಲಿದೆ. ಮೂಳೆಯ ಸವೆತ, ಅಂಡವಾಯು ಮೊದಲಾದ, ಕಾಲಾವಕಾಶವಿರುವ ಶಸ್ತ್ರಚಿಕಿತ್ಸೆಗಳಿಗೆ ಮುಂಚಿನ ನಾಲ್ಕಾರು ವಾರಗಳನ್ನು ವ್ಯರ್ಥವಾಗಿ ಕಳೆಯಬಾರದು. ದಿನವೂ ನಡಿಗೆ, ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸ, ವೈದ್ಯರ ಸಲಹೆಯಂತೆ ಬೇಳೆಕಾಳು ಹಾಲುಮೊಸರುಗಳ ಪುಷ್ಟಿಕರ ಆಹಾರ, ರಕ್ತಹೀನತೆಯಿದ್ದರೆ ಅದರ ಚಿಕಿತ್ಸೆ, ಬೀಡಿ ಸಿಗರೇಟುಗಳ ತ್ಯಾಗ, ಇವು ಕರಗಿದ ಗಂಟಿಗೆ ಸ್ವಲ್ಪ ಸ್ವಲ್ಪವಾಗಿ ಸೇರಿಸುವ ಕಾಸುಗಳು. ಉಸಿರಾಟದ ಅಭ್ಯಾಸವೂ ಹಾಗೆಯೇ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ದೇಶಗಳಲ್ಲಿ ಹೊಟ್ಟೆಯ ಮೇಲ್ಭಾಗದ ಶಸ್ತ್ರಚಿಕಿತ್ಸೆಗೆ ಬಂದ 441 ಮಂದಿಯಲ್ಲಿ ಕೆಲವರಿಗೆ, ಶಸ್ತ್ರಚಿಕಿತ್ಸೆಗೆ ಮುಂಚೆ ಒಂದೇ ಸಲ 30 ನಿಮಿಷ ಉಸಿರಾಟದ ಕ್ರಮವನ್ನು ಕಲಿಸಲಾಯಿತು. 2018ರಲ್ಲಿ ಪ್ರಕಟವಾದ ಫಲದಂತೆ, ಶ್ವಾಸಕೋಶದ ತೊಡಕುಗಳು ಕಲಿಯದವರಲ್ಲಿ ನೂರಕ್ಕೆ 27, ಕಲಿತವರಲ್ಲಿ 12.

ಸನ್ನಿಯನ್ನೂ ತಡೆಯಬಹುದು. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಶರಾನ್ ಇನೊಯೆ ಎಂಬ ವೈದ್ಯೆಯೂ ಸಂಗಡಿಗರೂ ಆಸ್ಪತ್ರೆಗೆ ಬಂದ, 70 ತುಂಬಿದ 852 ರೋಗಿಗಳಲ್ಲಿ ಮಾಡಿದ ಪ್ರಯೋಗವು 1999ರಲ್ಲಿ ಪ್ರಕಟವಾಯಿತು. ಅವರು ಹೊಸ ಔಷಧವನ್ನೇನೂ ಕೊಡಲಿಲ್ಲ. ದಿನ, ಸ್ಥಳಗಳನ್ನು ಆಗಾಗ ನೆನಪಿಸಿದರು, ರಾತ್ರಿ ಗದ್ದಲವನ್ನು ತಗ್ಗಿಸಿ ನಿದ್ರೆಗೆ ಎಡೆಮಾಡಿದರು, ಬೇಗನೆ ಎಬ್ಬಿಸಿ ನಡೆಸಿದರು, ಕನ್ನಡಕವನ್ನೂ ಕಿವಿಯ ಯಂತ್ರವನ್ನೂ ಕೊಟ್ಟರು, ನೀರು ಕುಡಿಸಿದರು. ಸನ್ನಿಯು ನೂರಕ್ಕೆ 15ರಿಂದ 9.9ಕ್ಕೆ ಇಳಿಯಿತು. ತೊಡೆಯ ಮೂಳೆ ಮುರಿದು ಶಸ್ತ್ರಚಿಕಿತ್ಸೆಗೆ ಬಂದ 126 ಮಂದಿ ವೃದ್ಧರಲ್ಲಿ ಅರ್ಧ ಜನರನ್ನು ವೃದ್ಧರೋಗತಜ್ಞರು ಮೊದಲಿನಿಂದಲೇ ನೋಡಿಕೊಂಡ ಇನ್ನೊಂದು ಪ್ರಯೋಗದಲ್ಲಿ, 2001ರ ವರದಿಯಂತೆ, ಸನ್ನಿಯು ನೂರಕ್ಕೆ 50ರಿಂದ 32ಕ್ಕೆ ಇಳಿಯಿತು. ಈ ಅಂಕೆಗಳಲ್ಲಿ ಪವಾಡವೇನೂ ಇಲ್ಲ, ಆರೈಕೆಯ ಫಲವುಂಟು. ಭಾರತದ ಆಸ್ಪತ್ರೆಗಳಲ್ಲಿ ರೋಗಿಯ ಪಕ್ಕದಲ್ಲಿ ಮನೆಯವರೊಬ್ಬರು ಕುಳಿತಿರುವ ರೂಢಿಯುಂಟಷ್ಟೆ. ಮೇಲೆ ಹೇಳಿದ ಕೆಲಸಗಳಲ್ಲಿ ಬಹುಪಾಲನ್ನು ಅವರು ದಾದಿಯರ ಅನುಮತಿಯಿಂದ ಮಾಡಬಲ್ಲರು.

ತೊಡೆಯ ಮೂಳೆ ಮುರಿದಾಗ ಮಾತ್ರ ವಾರಗಟ್ಟಲೆ ಬುತ್ತಿ ಕಟ್ಟುವ ಅವಕಾಶವಿಲ್ಲ. ಅಲ್ಲಿ ಒಂದೆರಡು ದಿನಗಳೊಳಗೆ ಶಸ್ತ್ರಚಿಕಿತ್ಸೆ ನಡೆಯುವುದು ಹಿತ. ತಡವಾದಷ್ಟೂ ಕೇಡು ಹೆಚ್ಚು. ಬಲಾಬಲ ಪರೀಕ್ಷೆಯ ನೆಪದಿಂದ ಅಂಥ ಶಸ್ತ್ರಚಿಕಿತ್ಸೆಯನ್ನು ಮುಂದೂಡಬಾರದು. ಹಾಸಿಗೆಯ ಪಕ್ಕದಲ್ಲಿಯೇ ವಿಚಾರಿಸಿ, ಸನ್ನಿ ಬರುವುದೆಂದು ಮುಂದಾಗಿ ಭಾವಿಸಿ, ಆರೈಕೆಯನ್ನು ಏರ್ಪಡಿಸಬೇಕು.

ಪಶ್ಚಿಮ ಬೆಂಗಳೂರಿಗೆ ಈ ವಿಚಾರವು ವಿಶೇಷವಾಗಿ ಸಲ್ಲುವುದು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳು ಒಂದು ಕಾಲದಲ್ಲಿ ಎಳೆಯ ಸಂಸಾರಗಳ ಬಡಾವಣೆಗಳು. ಕಾರ್ಖಾನೆ, ಕಛೇರಿಗಳಲ್ಲಿ ದುಡಿದು ಅಲ್ಲಿ ಮನೆ ಕಟ್ಟಿಕೊಂಡವರು ಈಗ ಅದೇ ಮನೆಗಳಲ್ಲಿ ಮುಪ್ಪನ್ನು ಕಾಣುತ್ತಿದ್ದಾರೆ. ಎಷ್ಟೋ ಮನೆಗಳಲ್ಲಿ ಮಕ್ಕಳು ದೂರದೇಶದಲ್ಲಿ. ಮನೆಯಲ್ಲಿ ಇಬ್ಬರೇ ವೃದ್ಧರು, ಕೆಲವೆಡೆ ಒಬ್ಬರೇ. ದೊಡ್ಡ ಆಸ್ಪತ್ರೆಗಳಿಗೆ ಇಲ್ಲಿ ಕೊರತೆಯಿಲ್ಲ. ರಾಜಾಜಿನಗರದಲ್ಲಿ ಕಾರ್ಮಿಕರಿಗಾಗಿಯೇ ಇ.ಎಸ್.ಐ. ಆಸ್ಪತ್ರೆಯಿದೆ, ಕೆಂಗೇರಿಗೆ 2021ರಿಂದ ಮೆಟ್ರೋ ರೈಲೂ ಓಡುತ್ತಿದೆ. ಆದರೆ ಮೆಟ್ರೋದ ಮೆಟ್ಟಿಲನ್ನು ಕಳೆದ ವರ್ಷ ಹತ್ತುತ್ತಿದ್ದವರು ಈ ವರ್ಷ ಲಿಫ್ಟನ್ನೇ ಹುಡುಕುತ್ತಿರುವರೇ ಎಂಬುದನ್ನು ಯಾವ ಆಸ್ಪತ್ರೆಯ ಯಂತ್ರವೂ ತಿಳಿಸಲಾರದು. ದೂರದಿಂದ ಫೋನಿನಲ್ಲಿ ಮಾತನಾಡುವ ಮಗನಿಗೂ ಅದು ತಿಳಿಯದು. ಬಲ್ಲವರು ನೆರೆಮನೆಯವರು, ಹಾಲು ಹಾಕುವವನು, ಸೋಮವಾರ ತಪ್ಪದೆ ಜೊತೆಯಲ್ಲಿ ಗುಡಿಗೆ ಹೋಗುವ ಗೆಳತಿ.

ಆದುದರಿಂದ ಹಿರಿಯರಿಗೆ ಶಸ್ತ್ರಚಿಕಿತ್ಸೆಯು ಗೊತ್ತಾದ ಮನೆಯವರು ಆಸ್ಪತ್ರೆಗೆ ಹೊರಡುವ ಮೊದಲು ಒಂದು ಹಾಳೆಯಲ್ಲಿ ಕೆಲವು ಸಂಗತಿಗಳನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಒಂದು ವರ್ಷದಲ್ಲಿ ತೂಕ ಇಳಿದಿದೆಯೇ, ಸೀರೆ ಪಂಚೆಗಳು ಸಡಿಲವಾಗಿವೆಯೇ. ಎಷ್ಟು ಸಲ ಬಿದ್ದಿದ್ದಾರೆ. ಸ್ನಾನ, ಉಡುಗೆ, ಊಟ, ಶೌಚಗಳನ್ನು ತಾವಾಗಿ ಮಾಡಿಕೊಳ್ಳುವರೇ. ಹಣದ ಲೆಕ್ಕವನ್ನೂ ಔಷಧದ ಹೊತ್ತನ್ನೂ ತಾವೇ ನೋಡಿಕೊಳ್ಳುವರೇ. ಮರೆವು ಕಂಡಿದೆಯೇ, ಎಂದಿನಿಂದ. ಹಿಂದೆ ಯಾವುದಾದರೂ ಕಾಯಿಲೆಯಲ್ಲಿ ಸನ್ನಿ ಬಂದಿತ್ತೇ. ತೆಗೆದುಕೊಳ್ಳುವ ಗುಳಿಗೆಗಳೆಲ್ಲವನ್ನೂ, ನಾಟಿ ಔಷಧ ಸಹಿತವಾಗಿ, ಒಂದು ಚೀಲದಲ್ಲಿ ಒಯ್ಯಬೇಕು. ನಿದ್ರೆಯ ಗುಳಿಗೆಗಳನ್ನೂ, ಮದ್ಯಪಾನವಿದ್ದರೆ ಅದನ್ನೂ ಮರೆಮಾಚಬಾರದು. ಅವು ಸನ್ನಿಯನ್ನು ತರಬಲ್ಲವು. ಹಾಗೆಂದು ವೈದ್ಯರಿಗೆ ತಿಳಿಸದೆ ತಾವಾಗಿ ತಟ್ಟನೆ ನಿಲ್ಲಿಸುವುದೂ ಅಪಾಯಕರ. ಈ ಹಾಳೆಯನ್ನು ಶಸ್ತ್ರವೈದ್ಯರಿಗೂ ಅರಿವಳಿಕೆಯ ವೈದ್ಯರಿಗೂ ತೋರಿಸಬೇಕು. ಅವರು ಕೇಳದಿದ್ದರೂ ಹೇಳುವುದು ಅವಿನಯವಾಗದು.

ಕೊನೆಗೆ ಒಂದು ಮಾತು ಉಳಿದಿದೆ. ಇಷ್ಟೆಲ್ಲ ಅಳತೆಗಳ ನಡುವೆ ಹಿರಿಯರನ್ನೇ ಕೇಳುವುದನ್ನು ಮರೆಯುವುದುಂಟು. ವೈದ್ಯರು ಮಗನೊಡನೆ ಮಾತನಾಡುವರು, ಮಗನು ಅಳಿಯನೊಡನೆ ವಿಚಾರಿಸುವನು, ಸಹಿ ಬೀಳುವುದು, ಹಾಸಿಗೆಯ ಮೇಲಿರುವವರು ಎಲ್ಲರ ಮುಖವನ್ನು ನೋಡುತ್ತಿರುವರು. ಅವರಿಗೆ ಬೇಕಾದುದೇನು? ಇನ್ನಷ್ಟು ವರ್ಷ ಬದುಕುವುದೇ, ಇಲ್ಲವೆ ಇರುವಷ್ಟು ದಿನ ನೋವಿಲ್ಲದೆ ದೇವರಕೋಣೆಯವರೆಗೆ ತಾವೇ ನಡೆದುಹೋಗುವುದೇ? ಯಾವ ಸ್ಥಿತಿಯು ಬಂದರೆ ಅವರು ಸಹಿಸುವರು, ಯಾವುದನ್ನು ಸಹಿಸರು? ಸ್ವಲ್ಪ ಮರೆವಿದ್ದ ಮಾತ್ರಕ್ಕೆ ಈ ಪ್ರಶ್ನೆಗೆ ಉತ್ತರ ಕೊಡುವ ಹಕ್ಕು ಹೋಗುವುದಿಲ್ಲ. ನಿಧಾನವಾಗಿ, ಸರಳವಾಗಿ, ಎರಡು ಸಲ ಹೇಳಿದರೆ ಅನೇಕರು ತಿಳಿದುಕೊಂಡು ತಮ್ಮ ಇಷ್ಟವನ್ನು ಹೇಳಬಲ್ಲರು. ಅರಿವು ಪೂರ್ತಿ ಮಸುಕಾಗುವ ಮೊದಲೇ ಕೇಳಿಟ್ಟುಕೊಂಡರೆ, ಮುಂದೆ ಮಕ್ಕಳು ಕತ್ತಲಲ್ಲಿ ತಡಕಾಡಬೇಕಾಗಿಲ್ಲ.

ಮಠಗಳೂ ಸಮಾಜದ ಸಂಘಗಳೂ ಇದಕ್ಕೆ ಸಹಾಯಮಾಡಬಲ್ಲವು. ಕಣ್ಣಿನ ಶಿಬಿರ, ರಕ್ತದಾನಗಳನ್ನು ನಡೆಯಿಸುವಾಗ ಒಂದು ಮೂಲೆಯಲ್ಲಿ ಕುರ್ಚಿಯನ್ನಿಟ್ಟು, ಮೂರು ಮೀಟರ್ ದೂರಕ್ಕೆ ಗೆರೆ ಎಳೆದು, ಬಲ್ಲ ದಾದಿಯೊಬ್ಬರನ್ನು ಕೂರಿಸಿದರೆ ಸಾಕು. ಖರ್ಚು ಅಲ್ಪ; ತಿಳಿಯುವುದು ಬಹಳ. ಕುಂದು ಕಂಡವರನ್ನು ಹತ್ತಿರದ ವೈದ್ಯರಲ್ಲಿಗೆ ಕಳುಹಿಸಬಹುದು.

ಪಂಕ್ತಿಯಲ್ಲಿ ಕಂಬವನ್ನು ಹಿಡಿದು ನಿಂತ ಆ ಹಿರಿಯರನ್ನು ಮತ್ತೊಮ್ಮೆ ನೆನೆಯಬೇಕು. ಅವರಿಗೆ ಹೆಗಲು ಕೊಟ್ಟ ಮೊಮ್ಮಗನು ವೈದ್ಯನಲ್ಲ. ಆದರೆ ಅಜ್ಜನ ಕೈಯ ಭಾರವು ಹೋದ ವರ್ಷಕ್ಕಿಂತ ಈ ವರ್ಷ ಎಷ್ಟು ಹೆಚ್ಚಾಗಿದೆಯೆಂಬುದು ಅವನ ಹೆಗಲಿಗೆ ಗೊತ್ತು. ಆ ಹೆಗಲು ಬಲ್ಲುದನ್ನು ವೈದ್ಯರ ಕಿವಿಗೆ ಮುಟ್ಟಿಸುವುದಿಷ್ಟೇ ಮಾಡಬೇಕಾದ ಕೆಲಸ. ಹಿರಿಯರಿಗೆ ದೀರ್ಘಾಯುಸ್ಸಿನೊಡನೆ ಅರಿವೂ ನಡಿಗೆಯೂ ಕೊನೆಯವರೆಗೆ ಉಳಿಯಲಿ.